ಬೆಂಗಳೂರಿಗೆ ಬರುವವರೇ, ಹೋಟೆಲಿನ ಹೆಸರು ಆಮೇಲೆ ನೋಡಿ

ಮೊನ್ನೆ ಸಾಗರದಿಂದ ಭಾವ ಫೋನ್ ಮಾಡಿದ್ದರು. ದೊಡ್ಡಮ್ಮನ ಮಗಳ ಗಂಡ. ಅವರ ಮಗಳಿಗೆ ವೈಟ್‌ಫೀಲ್ಡ್‌ನಲ್ಲಿ ಇಂಟರ್‌ವ್ಯೂ, ಅಪ್ಪ ಮಗಳು ಇಬ್ಬರೂ ಬಂದು ಎರಡು ರಾತ್ರಿ ಉಳಿಯಬೇಕು. "ಯಾವ ಚೈನ್ ಹೋಟೆಲ್ ಒಳ್ಳೇದು ಹೇಳು ಮಾರಾಯ್ತಿ, ಹೆಸರು ಹೇಳಿದ್ರೆ ಸಾಕು, ಬುಕ್ ಮಾಡ್ಕೊಳ್ತೇನೆ" ಅಂದರು. ನನಗೆ ಹೆಸರು ಹೇಳಲು ಆಗಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಬರುತ್ತೆ, ಇಂಟರ್‌ವ್ಯೂ ಎಷ್ಟು ಗಂಟೆಗೆ, ವೈಟ್‌ಫೀಲ್ಡ್ ಅಂದರೆ ಎಲ್ಲಿ ಎಂದು ನಾನೇ ಕೇಳುತ್ತಾ ಹೋದೆ. "ಅದೆಲ್ಲ ಆಮೇಲೆ, ಮೊದಲು ಹೆಸರು ಹೇಳು" ಅಂದರು ಭಾವ. ಈ ಪ್ರಶ್ನೆ ತಿಂಗಳಿಗೊಮ್ಮೆಯಾದರೂ ಊರಿನ ಯಾರಿಂದಲಾದರೂ ಬರುತ್ತದೆ. ಫೋನಿನಲ್ಲಿ ಅರ್ಧಕ್ಕೇ ನಿಂತ ಮಾತನ್ನು ಪೂರ್ತಿ ಬರೆದುಬಿಡೋಣ ಅನಿಸಿತು.

ಒಂದೇ ಹೆಸರಿನಲ್ಲಿ ಹಲವು ಕಡೆ ನಡೆಯುವ ಈ ಚೈನ್ ಹೋಟೆಲ್ ಅಂದರೆ ನನಗೆ ಅಸಡ್ಡೆ ಇದೆ ಅಂದುಕೊಳ್ಳಬೇಡಿ. ಆ ಹೆಸರಿನ ಬೆಲೆ ಏನು ಅಂತ ನನಗೆ ಚೆನ್ನಾಗಿ ಗೊತ್ತು.

2009ರಲ್ಲಿ ಒಂದು ಪರೀಕ್ಷೆ ಬರೆಯಲು ಒಬ್ಬಳೇ ಬೆಂಗಳೂರಿಗೆ ಬಂದಿದ್ದೆ. ರಾತ್ರಿ ಬಸ್ಸಿನಲ್ಲಿ ಬಂದು ಮೆಜೆಸ್ಟಿಕ್‌ನಲ್ಲಿ ಇಳಿದು, ಬ್ಯಾಗು ಹೊತ್ತುಕೊಂಡು ಗಾಂಧಿನಗರದ ಲಾಡ್ಜುಗಳ ಬೀದಿಗೆ ಹೋದೆ. ಮೊದಲನೆಯ ಲಾಡ್ಜಿನ ಕೌಂಟರಿನಲ್ಲಿದ್ದವರು ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರಾ ಎಂದು ಬಾಗಿಲ ಕಡೆ ನೋಡಿದರು. "ಜೊತೆಗೆ ಗಂಡಸರು ಯಾರೂ ಇಲ್ವಾಮ್ಮ?" ಇಲ್ಲ ಅಂದೆ. "ಒಂಟಿ ಲೇಡೀಸಿಗೆ ಕೊಡಲ್ಲ" ಅಂದರು. ಎರಡನೆಯ ಕಡೆ ರೂಮ್ ಖಾಲಿ ಇಲ್ಲ ಅಂದವರು ನನ್ನ ಹಿಂದೆಯೇ ಬಂದ ಇಬ್ಬರು ಹುಡುಗರಿಗೆ ಕೀಲಿ ಕೊಟ್ಟರು. ಮೂರನೆಯ ಕಡೆ ಕೊಟ್ಟರು, ಆದರೆ ಅದಕ್ಕೂ ಮೊದಲು ನಮ್ಮಪ್ಪನ ನಂಬರಿಗೆ ಫೋನ್ ಮಾಡಿ "ನಿಮ್ಮ ಮಗಳು ಹೌದಾ" ಎಂದು ವಿಚಾರಿಸಿದರು. ಅಪ್ಪ ಆಗಷ್ಟೇ ಎದ್ದಿದ್ದರು, ಏನಾಯಿತೋ ಎಂದು ಹೆದರಿಬಿಟ್ಟರು. ಆ ರಾತ್ರಿ ಕುರ್ಚಿಯನ್ನು ಬಾಗಿಲಿಗೆ ಒತ್ತಿ ಇಟ್ಟು ಮಲಗಿದೆ. ಮಾರನೆಯ ದಿನದ ಪರೀಕ್ಷೆ ಹೇಗೆ ಬರೆದೆನೋ ನೆನಪಿಲ್ಲ, ಆ ಕೌಂಟರಿನ ಮುಂದೆ ನಿಂತದ್ದು ಮಾತ್ರ ಚೆನ್ನಾಗಿ ನೆನಪಿದೆ.

ಕೆಲಸಕ್ಕೆ ಸೇರಿದ ಮೇಲೆ ಒಂದು ತರಬೇತಿಗೆ ಕಳಿಸಿದಾಗ ಮೊದಲ ಬಾರಿ ಚೈನ್ ಹೋಟೆಲಿನಲ್ಲಿ ಉಳಿದೆ. ಕೌಂಟರಿನ ಹುಡುಗಿ ಗುರುತಿನ ಚೀಟಿ ನೋಡಿದಳು, ಸಹಿ ಹಾಕಿಸಿಕೊಂಡಳು, ಕಾರ್ಡ್ ಕೊಟ್ಟಳು, ಲಿಫ್ಟ್ ಎಲ್ಲಿದೆ ಹೇಳಿದಳು. ಎರಡೇ ನಿಮಿಷ. ಯಾಕೆ ಬಂದಿರಿ, ಜೊತೆಗೆ ಯಾರು ಎಂದು ಯಾರೂ ಕೇಳಲಿಲ್ಲ. ರೂಮಿಗೆ ಹೋಗಿ ಹಾಸಿಗೆಯ ಮೇಲೆ ಕೂತಾಗ ಕಣ್ಣು ತುಂಬಿ ಬಂತು. ಎಸಿ, ಬಿಳಿ ಹಾಸು, ಸಣ್ಣ ಸೋಪು, ಇವೆಲ್ಲ ಇದ್ದವು. ಆದರೆ ನನಗೆ ಬೇಕಾಗಿದ್ದದ್ದು ಆ ಎರಡು ನಿಮಿಷದ ಮರ್ಯಾದೆ.

ಇಂಥದೇ ಒಂದು ಕಸಿವಿಸಿಯಿಂದ ಬೆಳೆದ ಚೈನ್ ಹೋಟೆಲೂ ಇದೆ. ಅಮೆರಿಕದಲ್ಲಿ ಕೆಮನ್ಸ್ ವಿಲ್ಸನ್ ಎಂಬವರು 1951ರಲ್ಲಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಕಾರಿನಲ್ಲಿ ಪ್ರವಾಸ ಹೋದಾಗ ದಾರಿಯ ವಸತಿಗೃಹಗಳಲ್ಲಿ ಒಂದೊಂದು ಮಗುವಿಗೂ ಬೇರೆ ದುಡ್ಡು ಕೇಳಿದರಂತೆ. ರೂಮುಗಳೂ ಒಂದೊಂದು ಕಡೆ ಒಂದೊಂದು ಥರ. ಮರುವರ್ಷವೇ ಅವರು ತಮ್ಮೂರು ಮೆಂಫಿಸ್‌ನಲ್ಲಿ ಮೊದಲ ಹಾಲಿಡೇ ಇನ್ ತೆರೆದರು. ಅಪ್ಪ ಅಮ್ಮನ ರೂಮಿನಲ್ಲೇ ಮಲಗುವ ಮಕ್ಕಳಿಗೆ ದುಡ್ಡಿಲ್ಲ, ಎಲ್ಲಿ ಹೋದರೂ ಒಂದೇ ಥರದ ರೂಮು. ಕೌಂಟರಿನಲ್ಲಿ ಕೂತವರ ಮನಸ್ಸಿಗೆ ಬಂದಂತೆ ನಿಯಮ ಬದಲಾಗುವುದಿಲ್ಲ ಎಂಬುದೇ ನನಗೆ ಚೈನ್ ಹೋಟೆಲಿನ ಹೆಸರಿನ ಅರ್ಥ. ಹಾಗಾಗಿ ಒಬ್ಬಳೇ ಬರುವ ಹುಡುಗಿ, ವಯಸ್ಸಾದವರನ್ನು ಕರೆತರುವವರು, ಬೆಂಗಳೂರೇ ಹೊಸತಾದವರು ನಾಲ್ಕು ಕಾಸು ಹೆಚ್ಚಾದರೂ ಚೈನ್ ಹೋಟೆಲನ್ನೇ ನೋಡಲಿ ಎಂದು ಈಗಲೂ ಹೇಳುತ್ತೇನೆ.

ಆದರೆ ಆ ಹೆಸರು ನಿಮ್ಮ ರೂಮಿನ ಬಗ್ಗೆ ಮಾತ್ರ ಮಾತು ಕೊಡುತ್ತದೆ. ಬೆಂಗಳೂರಿನ ರಸ್ತೆಗೆ, ನಿಮ್ಮ ಬಸ್ಸು ಬರುವ ಹೊತ್ತಿಗೆ ಅದು ಜವಾಬ್ದಾರ ಅಲ್ಲ. ಇದು ನನಗೆ ಅಮ್ಮನ ಜೊತೆ ಬಂದಾಗ ತಿಳಿಯಿತು.

2019. ಅಮ್ಮನ ಎದೆನೋವಿಗೆ ಬನ್ನೇರುಘಟ್ಟ ರಸ್ತೆಯ ಜಯದೇವ ಆಸ್ಪತ್ರೆಯಲ್ಲಿ ತೋರಿಸಬೇಕಿತ್ತು. ನಾನು ಆಗ ಶಿವಮೊಗ್ಗದಲ್ಲಿದ್ದೆ. ಹಿಂದೆ ಉಳಿದು ಇಷ್ಟವಾಗಿದ್ದ ಚೈನನ್ನೇ ಹುಡುಕಿದೆ. ಬೆಂಗಳೂರಿನಲ್ಲಿ ಅದೇ ಹೆಸರಿನ ಹೋಟೆಲುಗಳು ಬೇರೆ ಬೇರೆ ಕಡೆ ಇದ್ದವು. ಮಾರತ್ತಹಳ್ಳಿ ಕಡೆಯದು ಒಂಬೈನೂರು ರೂಪಾಯಿ ಕಡಿಮೆ ಇತ್ತು. ಹೆಸರು ಒಂದೇ ತಾನೇ ಎಂದು ಅದನ್ನೇ ಬುಕ್ ಮಾಡಿದೆ. ರಾತ್ರಿ ಬಸ್ಸು ಬೆಳಗ್ಗೆ ಐದೂವರೆಗೆ ಮೆಜೆಸ್ಟಿಕ್ ಮುಟ್ಟಿತು. ಆಟೋ ಹಿಡಿದು ಹೋಟೆಲಿಗೆ ಹೋದರೆ, "ಚೆಕ್-ಇನ್ ಮಧ್ಯಾಹ್ನ ಎರಡಕ್ಕೆ ಮೇಡಂ, ಈಗಲೇ ಬೇಕು ಅಂದ್ರೆ ಇನ್ನೊಂದು ದಿನದ ಬಾಡಿಗೆ ಆಗುತ್ತೆ" ಅಂದರು. ಹುಡುಗ ಮೆತ್ತಗೇ ಹೇಳಿದ, ಅವನದು ತಪ್ಪೂ ಅಲ್ಲ. ನಿಯಮ ಎಲ್ಲರಿಗೂ ಒಂದೇ. ಅಮ್ಮ ಲಾಬಿಯ ಸೋಫಾದಲ್ಲಿ ಕೂತರು. ರಾತ್ರಿಯಿಡೀ ಕೂತೇ ಬಂದಿದ್ದ ಅರವತ್ತೆಂಟು ವರ್ಷದ ಹೆಂಗಸು ಮತ್ತೆ ಕೂತರು. ಕಾಲು ಊದಿಕೊಂಡಿತ್ತು. ಸ್ನಾನ ಮಾಡದೆ ಡಾಕ್ಟರ ಹತ್ತಿರ ಹೇಗೆ ಹೋಗೋದು ಎಂದು ಅವರಿಗೆ ಸಂಕೋಚ. ಲಾಬಿಯ ಬಾತ್‌ರೂಮಿನಲ್ಲಿ ಮುಖ ತೊಳೆದು, ಅಲ್ಲೇ ಸೀರೆ ಬದಲಿಸಿಕೊಂಡು ಬಂದರು.

ಎಂಟಕ್ಕೆ ಹೊರಟೆವು. ಹೊರವರ್ತುಲ ರಸ್ತೆ, ಸಿಲ್ಕ್ ಬೋರ್ಡ್. ಈ ಎರಡು ಹೆಸರು ಕೇಳಿದರೆ ಬೆಂಗಳೂರಿನವರಿಗೆ ಮುಂದಿನ ಟ್ರಾಫಿಕ್ ಜಾಮಿನ ಕಥೆ ಹೇಳಬೇಕಾಗಿಲ್ಲ. ಆಸ್ಪತ್ರೆ ಮುಟ್ಟಿದಾಗ ಹತ್ತು ಗಂಟೆ ಕಳೆದಿತ್ತು, ಚೀಟಿಯ ಸಾಲು ಗೇಟಿನವರೆಗೆ ಬಂದಿತ್ತು. ಅಮ್ಮ ಒಂದೂ ಮಾತಾಡಲಿಲ್ಲ. ಒಂಬೈನೂರು ರೂಪಾಯಿ ಉಳಿಸಿದ್ದೆ.

ಇದರಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಮಧ್ಯಾಹ್ನ ಎರಡು ಗಂಟೆಗೆ ಚೆಕ್-ಇನ್ ಎಂಬ ಆ ಲೆಕ್ಕ. ನಮ್ಮ ಊರುಗಳಿಂದ, ಸಾಗರ, ಶಿರಸಿ, ಕುಂದಾಪುರ, ಕೊಪ್ಪ, ರಾಯಚೂರು, ಎಲ್ಲಿಂದಲೇ ಆಗಲಿ, ಜನ ಬೆಂಗಳೂರಿಗೆ ಬರುವುದು ರಾತ್ರಿ ಬಸ್ಸಿನಲ್ಲಿ ಅಥವಾ ರಾತ್ರಿ ರೈಲಿನಲ್ಲಿ. ಇಳಿಯುವುದು ಬೆಳಗಿನ ಜಾವ. ಹತ್ತು ಗಂಟೆಗೆ ಕೆಲಸ, ಅಷ್ಟರಲ್ಲಿ ಒಂದು ಸ್ನಾನ, ಒಂದು ಗಂಟೆ ಬೆನ್ನು ಚಾಚುವುದು, ತಿಂಡಿ. ರೂಮು ಬೇಕಾಗುವುದೇ ಅದಕ್ಕೆ. ಮೆಜೆಸ್ಟಿಕ್ ಸುತ್ತಲಿನ ಹಳೆಯ ಲಾಡ್ಜುಗಳಿಗೆ ಇದು ಗೊತ್ತಿತ್ತು. ಅದಕ್ಕೇ ಅಲ್ಲಿ ಇಪ್ಪತ್ನಾಲ್ಕು ಗಂಟೆ ಲೆಕ್ಕ: ಬೆಳಗ್ಗೆ ಆರಕ್ಕೆ ಹೋದರೆ ಮಾರನೆಯ ಬೆಳಗ್ಗೆ ಆರರವರೆಗೆ ರೂಮು ನಿಮ್ಮದು. ಚೈನ್ ಹೋಟೆಲುಗಳ ಮಧ್ಯಾಹ್ನದ ಲೆಕ್ಕ ವಿಮಾನದಲ್ಲಿ, ಕಾರಿನಲ್ಲಿ ಬರುವವರಿಗೆ ಸರಿ. ನಮ್ಮ ಬಸ್ಸಿನ ಜನಕ್ಕೆ ಅಲ್ಲ. ಬೆಂಗಳೂರಿನಲ್ಲಿ ವ್ಯಾಪಾರ ಮಾಡುವ ಚೈನುಗಳು ಇದೊಂದನ್ನು ಯೋಚಿಸಬೇಕು ಎಂದು ನಾನು ಮನಸಾರೆ ಬಯಸುತ್ತೇನೆ. ಬೆಳಗ್ಗೆ ಆರರಿಂದ ಹತ್ತರವರೆಗೆ ಒಂದು ಸ್ನಾನದ ಕೋಣೆ, ನಾಲ್ಕು ಮಂಚ ಇಟ್ಟರೂ ಸಾಕು, ಅದಕ್ಕೆ ದುಡ್ಡು ಕೊಡಲು ಜನ ತಯಾರಿದ್ದಾರೆ.

ಗುಬ್ಬಿ ತೋಟದಪ್ಪನವರು ಇದನ್ನು ನೂರಿಪ್ಪತ್ತು ವರ್ಷದ ಹಿಂದೆಯೇ ಕಂಡಿದ್ದರು. ವ್ಯಾಪಾರಿಯಾಗಿದ್ದ ಅವರು ಬೆಂಗಳೂರಿನ ರೈಲ್ವೆ ಸ್ಟೇಷನ್ ಎದುರಿಗೇ ಜಾಗ ಕೊಂಡು ಕಟ್ಟಿಸಿದ ಧರ್ಮಛತ್ರ 1903ರಲ್ಲಿ ಶುರುವಾಯಿತು. ದೂರದಿಂದ ಬಂದವರು ರೈಲಿಳಿದು ರಸ್ತೆ ದಾಟಿದರೆ ತಲೆ ಮೇಲೊಂದು ಸೂರು. ಎಲ್ಲಿ ಕಟ್ಟಬೇಕು ಎಂಬುದನ್ನು ಬರುವವರ ಕಾಲಿನ ದಣಿವಿನಿಂದ ಲೆಕ್ಕ ಹಾಕಿದ್ದರು.

ಈಗಿನ ಬೆಂಗಳೂರಿಗೆ ಒಂದೇ ಸ್ಟೇಷನ್ ಇಲ್ಲ, ಒಂದೇ ಪೇಟೆಯೂ ಇಲ್ಲ. "ರೈಲ್ವೆ ಸ್ಟೇಷನ್ ಹತ್ತಿರ" ಎಂದು ಹೋಟೆಲ್ ಬುಕ್ ಮಾಡುವ ಆ್ಯಪ್ ಹೇಳಿದರೆ ಯಾವ ಸ್ಟೇಷನ್? ಸಂಗೊಳ್ಳಿ ರಾಯಣ್ಣ ನಿಲ್ದಾಣವೋ, ಯಶವಂತಪುರವೋ, ಕಂಟೋನ್ಮೆಂಟೋ? 2022ರಿಂದ ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದಲೂ ಹಲವು ರೈಲು ಹೊರಡುತ್ತವೆ. "ವೈಟ್‌ಫೀಲ್ಡ್" ಎಂದರೆ ಕುಂದಲಹಳ್ಳಿಯಿಂದ ಕಾಡುಗೋಡಿವರೆಗೂ ಎಲ್ಲವೂ ವೈಟ್‌ಫೀಲ್ಡೇ. "ಏರ್‌ಪೋರ್ಟ್ ಹತ್ತಿರ" ಎಂದು ಹೆಬ್ಬಾಳದ ಹೋಟೆಲನ್ನೂ ತೋರಿಸುತ್ತಾರೆ, ವಿಮಾನ ನಿಲ್ದಾಣ ಇರುವುದು ದೇವನಹಳ್ಳಿಯಲ್ಲಿ. ಆ್ಯಪಿನಲ್ಲಿ ಕಾಣುವ ಕಿಲೋಮೀಟರು ಎಷ್ಟೋ ಸಲ ನಕ್ಷೆಯ ಮೇಲೆ ನೇರ ಗೆರೆ ಎಳೆದ ದೂರ.

ಹಾಗಾದರೆ ಏನು ನೋಡಬೇಕು? ನನ್ನ ಉತ್ತರ ಒಂದೇ: ಮೆಟ್ರೋ. ನಿಮ್ಮ ಕೆಲಸ ಇರುವ ಜಾಗಕ್ಕೆ ಹತ್ತಿರದ ಮೆಟ್ರೋ ನಿಲ್ದಾಣ ಯಾವುದು ಎಂದು ನೋಡಿ, ಅದೇ ಬಣ್ಣದ ಮಾರ್ಗದಲ್ಲಿ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರ ಯಾವ ಹೋಟೆಲ್ ಇದೆ ನೋಡಿ. ನೇರಳೆ ಮಾರ್ಗ 2023ರ ಅಕ್ಟೋಬರ್ 9ರಂದು ಪೂರ್ತಿಯಾದ ಮೇಲೆ ಚಲ್ಲಘಟ್ಟದಿಂದ ಕಾಡುಗೋಡಿವರೆಗೆ ಸುಮಾರು 43 ಕಿಲೋಮೀಟರು ಒಂದೇ ರೈಲಿನಲ್ಲಿ ಹೋಗಬಹುದು. 2025ರ ಆಗಸ್ಟ್ 10ರಂದು ಹಳದಿ ಮಾರ್ಗ ಉದ್ಘಾಟನೆಯಾಯಿತು, ಆರ್.ವಿ. ರಸ್ತೆಯಲ್ಲಿ ಹಸಿರಿನಿಂದ ಹಳದಿಗೆ ಬದಲಿಸಿದರೆ ಎರಡನೆಯ ನಿಲ್ದಾಣವೇ ಜಯದೇವ ಆಸ್ಪತ್ರೆ, ಕೊನೆಯದು ಬೊಮ್ಮಸಂದ್ರ. ಸಿಲ್ಕ್ ಬೋರ್ಡಿನ ಮೇಲಿಂದಲೇ ಹೋಗುತ್ತದೆ. ಆ ದಾರಿಯಲ್ಲಿ ಮೊದಲ ಸಲ ಕಿಟಕಿಯಿಂದ ಕೆಳಗೆ ನೋಡಿದಾಗ ನನಗೆ ಅಮ್ಮ, ಆ ಆಟೋ, ಅವರ ಊದಿದ ಕಾಲು ನೆನಪಾಯಿತು. ಆಗ ಇದು ಇದ್ದಿದ್ದರೆ ನಾನು ಹಸಿರು ಮಾರ್ಗದ ಯಶವಂತಪುರದ ಕಡೆ ಎಲ್ಲಿ ಉಳಿಸಿದ್ದರೂ ಅಮ್ಮನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಇನ್ನು ಹೆಸರಿನ ವಿಚಾರ. ಬೆಂಗಳೂರಿಗೂ ಚೈನ್ ಹೋಟೆಲಿಗೂ ಹಳೆಯ ನಂಟು. ಟಾಟಾದವರ ಇಂಡಿಯನ್ ಹೋಟೆಲ್ಸ್ ಕಂಪನಿ 2004ರಲ್ಲಿ 'ಇಂಡಿಒನ್' ಹೆಸರಿನಲ್ಲಿ ಕಡಿಮೆ ದರದ ತನ್ನ ಮೊದಲ ಹೋಟೆಲ್ ತೆರೆದದ್ದು ವೈಟ್‌ಫೀಲ್ಡ್‌ನಲ್ಲೇ. ಅದೇ ಮುಂದೆ ಜಿಂಜರ್ ಆಯಿತು. ಮ್ಯಾರಿಯಟ್‌ನವರ ಫೇರ್‌ಫೀಲ್ಡ್ ಭಾರತಕ್ಕೆ ಮೊದಲು ಬಂದದ್ದು 2013ರಲ್ಲಿ, ನಮ್ಮ ರಾಜಾಜಿನಗರಕ್ಕೆ. ಆದರೆ ಬೋರ್ಡಿನ ಮೇಲೆ ಹೆಸರಿದ್ದವರೇ ಕಟ್ಟಡದ ಮಾಲೀಕರು ಎಂದುಕೊಳ್ಳಬಾರದು. ಕೆಲವು ಕಡೆ ಕಟ್ಟಡ ಒಬ್ಬರದು, ನಡೆಸುವುದು ಕಂಪನಿಯೇ. ಅಲ್ಲಿ ಕೆಲಸದವರು, ಅಡುಗೆಮನೆ, ದೂರು ಕೇಳುವವರು ಎಲ್ಲ ಕಂಪನಿಯ ಹಿಡಿತದಲ್ಲಿ ಇರುತ್ತಾರೆ. ಇನ್ನು ಕೆಲವು ಕಡೆ ಹೆಸರನ್ನಷ್ಟೇ ಕೊಟ್ಟಿರುತ್ತಾರೆ, ನಡೆಸುವುದು ಹಳೆಯ ಮಾಲೀಕರೇ. ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಆ್ಯಪುಗಳ ಮೂಲಕ ಬೆಳೆದ ಅಗ್ಗದ ಚೈನುಗಳಲ್ಲಿ ಹೆಚ್ಚಿನವು ಈ ಎರಡನೆಯ ಬಗೆ. ನಿನ್ನೆಯ ಲಾಡ್ಜಿಗೆ ಇವತ್ತು ಹೊಸ ಬೋರ್ಡು. ಅದರಲ್ಲಿ ಚೆನ್ನಾಗಿರುವವೂ ಇವೆ, ನಾನೇ ಉಳಿದಿದ್ದೇನೆ. ಆದರೆ ಅಲ್ಲಿ ಹೆಸರನ್ನು ನಂಬಿ ದುಡ್ಡು ಕಟ್ಟಬೇಡಿ. ಉಳಿದುಹೋದವರು ಕಳೆದ ಎರಡು ಮೂರು ತಿಂಗಳಲ್ಲಿ ತಾವೇ ತೆಗೆದು ಹಾಕಿದ ಫೋಟೋ ನೋಡಿ. ಆಮೇಲೆ ಆ್ಯಪಿನ ನಂಬರಿಗೆ ಅಲ್ಲ, ಆ ಹೋಟೆಲಿನ ಕೌಂಟರಿಗೇ ಫೋನ್ ಮಾಡಿ. ಬೆಳಗ್ಗೆ ಆರಕ್ಕೆ ಬಂದರೆ ರೂಮು ಕೊಡುತ್ತೀರಾ, ಎಷ್ಟು ಹೆಚ್ಚು ಕೊಡಬೇಕು, ಲಿಫ್ಟ್ ಇದೆಯಾ, ಬಿಸಿನೀರು ಎಷ್ಟು ಗಂಟೆಗೆ ಬರುತ್ತೆ, ರೂಮಿಗೆ ಕಿಟಕಿ ಇದೆಯಾ ಎಂದು ಕೇಳಿ. ಕಿಟಕಿಯ ವಿಷಯ ಕೇಳಲೇಬೇಕು, ಬೆಂಗಳೂರಿನಲ್ಲಿ ಅಕ್ಕಪಕ್ಕದ ಗೋಡೆಗೆ ಒತ್ತಿಕೊಂಡು ಕಟ್ಟಿದ ರೂಮುಗಳು ಬಹಳ. ಫೋನಿನಲ್ಲಿ ಅವರು ಉತ್ತರ ಕೊಡುವ ರೀತಿಯಲ್ಲೇ ಅರ್ಧ ತಿಳಿಯುತ್ತದೆ.

ದುಡ್ಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಅದನ್ನು ನೋಡಿಕೊಳ್ಳಿ. ಯಲಹಂಕದಲ್ಲಿ ಏರೋ ಇಂಡಿಯಾ ವಿಮಾನ ಪ್ರದರ್ಶನ ನಡೆಯುವ ವಾರ ಉತ್ತರದ ಕಡೆಯ ಹೋಟೆಲುಗಳ ದರ ಕೇಳಲಾಗುವುದಿಲ್ಲ, ಸಾಧ್ಯವಾದರೆ ಆ ದಿನ ಬಿಟ್ಟು ಬನ್ನಿ. ಬಸವನಗುಡಿ, ಮಲ್ಲೇಶ್ವರದ ಹತ್ತಿರ ಉಳಿದರೆ ತಿಂಡಿ ಸೇರಿಸಿದ ದರ ಬೇಡ; ಎದುರಿನ ದರ್ಶಿನಿಯಲ್ಲಿ ಬಿಸಿ ಇಡ್ಲಿ ಸಿಗುವಾಗ ಹೋಟೆಲಿನ ಪಾತ್ರೆಯಲ್ಲಿ ಆರಿದ ಉಪ್ಪಿಟ್ಟಿಗೆ ಯಾಕೆ ದುಡ್ಡು ಕೊಡಬೇಕು? ಗುರುತಿಗೆ ಆಧಾರ್ ಕೇಳಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಅನ್ನು ಆಧಾರ್ ಕೊಡುವ ಯುಐಡಿಎಐ ಸಂಸ್ಥೆಯ ವೆಬ್‌ಸೈಟಿನಿಂದ ಇಳಿಸಿಕೊಂಡು ಇಟ್ಟುಕೊಂಡಿರಿ, ಹೆಣ್ಣುಮಕ್ಕಳು ಖಂಡಿತ.

ಭಾವನಿಗೆ ರಾತ್ರಿ ಮತ್ತೆ ಫೋನ್ ಮಾಡಿದೆ. ಇಂಟರ್‌ವ್ಯೂ ವೈಟ್‌ಫೀಲ್ಡ್‌ನ ಐಟಿ ಪಾರ್ಕ್ ಐಟಿಪಿಎಲ್ ಒಳಗೆ, ಶುಕ್ರವಾರ ಹತ್ತು ಗಂಟೆಗೆ. ಅಂದರೆ ನೇರಳೆ ಮಾರ್ಗದ ಪಟ್ಟಂದೂರು ಅಗ್ರಹಾರ ಮೆಟ್ರೋ ನಿಲ್ದಾಣ. ಅವರು ನೋಡಿಟ್ಟಿದ್ದ ಹೋಟೆಲ್ ಹೆಸರಿನಲ್ಲಿ ಒಳ್ಳೆಯದೇ, ಆದರೆ ಇದ್ದದ್ದು ದೂರದ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಅದೇ ಚೈನಿನದು ನೇರಳೆ ಮಾರ್ಗದ ಹತ್ತಿರವೂ ಒಂದಿತ್ತು, ಆರುನೂರು ರೂಪಾಯಿ ಹೆಚ್ಚು. ಅದನ್ನೇ ಮಾಡಿಸಿದೆ. ಅಲ್ಲೂ ಚೆಕ್-ಇನ್ ಎರಡಕ್ಕೇ. ಗುರುವಾರ ಬೆಳಗ್ಗೆ ಬಸ್ಸು ತುಮಕೂರು ರಸ್ತೆಯಲ್ಲಿ ಬರುತ್ತದೆ, ಮೆಜೆಸ್ಟಿಕ್‌ವರೆಗೆ ಹೋಗದೆ ಗೊರಗುಂಟೆಪಾಳ್ಯದಲ್ಲೇ ಇಳಿದುಬಿಡಿ ಎಂದಿದ್ದೇನೆ. ಅಲ್ಲಿಂದ ನಮ್ಮ ಮನೆಗೆ ಹತ್ತು ನಿಮಿಷ. ಒಂದೇ ರೂಮಿನ ಮನೆ, ಅಮ್ಮ ಈಗ ನನ್ನ ಜೊತೆಯೇ ಇರುವುದರಿಂದ ರಾತ್ರಿ ಉಳಿಯಲು ಭಾವ ಒಪ್ಪಲಿಲ್ಲ. ಸ್ನಾನಕ್ಕೆ, ತಿಂಡಿಗೆ, ಮಧ್ಯಾಹ್ನದವರೆಗೆ ಹುಡುಗಿ ಮಲಗಲು ಒಪ್ಪಿದ್ದಾರೆ. ಅಮ್ಮ ಐದಕ್ಕೇ ಗೀಸರ್ ಹಾಕು ಎಂದು ಈಗಲೇ ಎರಡು ಸಲ ಹೇಳಿಯಾಯಿತು.