ತುಂಬುವ ಮೊದಲು ತೋಡಬೇಕು

ಮಗ ಥೇಟ್ ಅಪ್ಪನನ್ನೇ ಹೋಲುತ್ತಿದ್ದರೆ ‘ಎರಕ ಹೊಯ್ದ ಹಾಗಿದ್ದಾನೆ’ ಎಂದು ನಮ್ಮಲ್ಲಿ ಹೇಳುವುದುಂಟು. ಬಿಡಿಭಾಗಗಳನ್ನು ಜೋಡಿಸಿ ವಿಮಾನಗಳ ಪುಟ್ಟ ಮಾದರಿ ಮಾಡುವ ಹವ್ಯಾಸ ನನ್ನದು; ದ್ರವವಾಗಿ ಅಚ್ಚಿಗೆ ಹೊಯ್ದರೆ ಪ್ಲಾಸ್ಟಿಕ್‌ನಂತೆ ಗಟ್ಟಿಯಾಗುವ ರೆಸಿನ್ನಿನಿಂದ ಆ ಭಾಗಗಳನ್ನು ಮಾಡಿದ್ದರೆ ಅದು ರೆಸಿನ್ ಕಿಟ್. ಅಂಥ ಹಳೆಯ ಕಿಟ್‌ನ ಡಬ್ಬಿಯನ್ನು ಒಮ್ಮೆಯಾದರೂ ಬಿಚ್ಚಿದವರು ಈ ಮಾತನ್ನು ಅಷ್ಟು ಸಲೀಸಾಗಿ ಹೊಗಳಿಕೆಗೆ ಬಳಸಲಾರರು. ಸೂಜಿ ಚುಚ್ಚಿದಂಥ ಸಾಲು ಸಾಲು ತೂತುಗಳು, ತುದಿ ಮುರಿದಂತೆ ಅರ್ಧಕ್ಕೇ ನಿಂತ ಭಾಗಗಳು, ಬಾಳೆಕಾಯಿಯ ಹಾಗೆ ಬಾಗಿದ ರೆಕ್ಕೆ, ಕೈಗೆ ಹತ್ತುವ ಜಿಡ್ಡು, ಇವೆಲ್ಲವೂ ಎರಕದಿಂದಲೇ ಬಂದವು.

ಕಳೆದ ಐದು ತಿಂಗಳಿನಿಂದ ನನ್ನ ಮೇಜಿನ ಮೇಲಿರುವುದು ಎಚ್‌ಎಫ್-24 ಮಾರುತ ಎಂಬ ಯುದ್ಧವಿಮಾನದ 1/72 ಅಳತೆಯ ಒಂದು ಮಾದರಿ. ಯುರೋಪಿನ ಯಾವುದೋ ಮನೆಯ ಗ್ಯಾರೇಜಿನಲ್ಲಿ ದಶಕಗಳ ಹಿಂದೆ ತಯಾರಾದ ರೆಸಿನ್ ಕಿಟ್ ಇದು. ಮಾಡಿದವರು ಅಂಗಡಿ ಮುಚ್ಚಿ ಬಹಳ ಕಾಲವಾಗಿದೆ, ಅವರ ಹೆಸರನ್ನು ಇಲ್ಲಿ ಎಳೆದು ತರುವುದು ಬೇಡ. ಕುರ್ಟ್ ಟ್ಯಾಂಕ್ ಎಂಬ ಜರ್ಮನ್ ವಿನ್ಯಾಸಕರ ನೇತೃತ್ವದಲ್ಲಿ ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ರೂಪುಗೊಂಡು 1961ರ ಜೂನ್‌ನಲ್ಲಿ ಮೊದಲ ಬಾರಿಗೆ ಹಾರಿದ ಈ ವಿಮಾನ ಒಟ್ಟು ತಯಾರಾದದ್ದು 147. ಬಳಸಿದ್ದು ಭಾರತೀಯ ವಾಯುಪಡೆಯೊಂದೇ. ಪ್ಲಾಸ್ಟಿಕ್ ಕಿಟ್‌ಗೆ ಬೇಕಾಗುವ ಲೋಹದ ಅಚ್ಚಿಗೆ ಸುರಿಯುವ ಹಣ ಇಂಥ ವಿಮಾನದಿಂದ ಹುಟ್ಟುವುದು ಕಷ್ಟ. ಸಿಲಿಕೋನ್ ರಬ್ಬರಿನ ಅಚ್ಚಾದರೆ ಅಗ್ಗ, ಒಬ್ಬನೇ ವ್ಯಕ್ತಿ ಮನೆಯಲ್ಲೇ ಮಾಡಿಕೊಳ್ಳಬಹುದು. ಆದರೆ ಹತ್ತಾರು ಎರಕಗಳಾದ ಮೇಲೆ ಅದರ ಆಯಸ್ಸು ಮುಗಿಯುತ್ತದೆ. ಆದ್ದರಿಂದ ಹೆಚ್ಚು ಜನ ಕೇಳದ ವಿಮಾನಗಳನ್ನು ಇಷ್ಟಪಡುವ ನಮ್ಮಂಥವರು ರೆಸಿನ್ನಿನ ಅಂಕುಡೊಂಕುಗಳೊಂದಿಗೆ ಏಗಲೇಬೇಕು.

ಈ ಅಂಕುಡೊಂಕುಗಳನ್ನು ಸರಿಪಡಿಸುವ ಬಗ್ಗೆ ನನಗೊಂದು ತಕರಾರಿದೆ. ನಾವು ತೂತು ಕಂಡ ಕೂಡಲೇ ಪುಟ್ಟಿಯ ಟ್ಯೂಬಿಗೆ ಕೈ ಹಾಕುತ್ತೇವೆ. ನಾನೂ ಹತ್ತು ವರ್ಷ ಹಾಗೆಯೇ ಮಾಡಿದೆ, ಹತ್ತು ವರ್ಷವೂ ಬಣ್ಣ ಬಳಿದ ಮೇಲೆ ಅದೇ ಜಾಗದಲ್ಲಿ ಅದೇ ತೂತು ಮತ್ತೆ ಕಾಣಿಸಿಕೊಂಡಿತು. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದ ಹಿರಿಯ ಗೆಳೆಯರೊಬ್ಬರು ಒಂದು ಸಂಜೆ ನನ್ನ ಕೆಲಸ ನೋಡುತ್ತಾ ಕೂತಿದ್ದವರು, “ಅಲ್ರೀ, ಹಲ್ಲಿನ ಡಾಕ್ಟ್ರು ಹುಳುಕು ಕೆರೀದೆ ಸಿಮೆಂಟ್ ತುಂಬ್ತಾರಾ? ಮೊದ್ಲು ತೋಡ್ರೀ, ಆಮೇಲೆ ತುಂಬ್ರೀ” ಎಂದರು. ಅಂದಿನಿಂದ ನನ್ನ ಕೆಲಸದ ಕ್ರಮ ತಿರುಗಾಮುರುಗಾ ಆಗಿದೆ. ಒಂದು ದೋಷ ಎಲ್ಲಿಂದ ಬಂತೆಂದು ತಿಳಿಯದೆ ಅದನ್ನು ಮುಚ್ಚಬಾರದು, ಮುಚ್ಚುವ ಮೊದಲು ಅದನ್ನು ಇನ್ನಷ್ಟು ದೊಡ್ಡದು ಮಾಡಲು ಹೆದರಬಾರದು ಎಂಬುದು ಈಗ ನನ್ನ ಖಚಿತ ಅಭಿಪ್ರಾಯ.

ಮೊದಲು ನೋಡಬೇಕಾದದ್ದು ಮೇಲ್ಮೈ ಉಬ್ಬಿದೆಯೋ ತಗ್ಗಿದೆಯೋ ಎಂಬುದನ್ನು. ಸಾಸಿವೆ ಕಾಳಿನಂಥ ಸಣ್ಣ ಉಬ್ಬುಗಳಿದ್ದರೆ ಗಾಳಿಗುಳ್ಳೆ ಇದ್ದದ್ದು ರಬ್ಬರ್ ಅಚ್ಚಿನಲ್ಲಿ. ಅಚ್ಚಿನ ಗುಳ್ಳೆಯೊಳಗೆ ರೆಸಿನ್ ಇಳಿದು ಕಾಳಾಗಿ ಕೂತಿದೆ. ಅಂಥದ್ದನ್ನು ಹರಿತವಾದ ಬ್ಲೇಡಿನಿಂದ ಸವರಿದರೆ ಮುಗಿಯಿತು. ತಗ್ಗಿದ್ದರೆ ಗಾಳಿ ಇದ್ದದ್ದು ರೆಸಿನ್ನಿನಲ್ಲಿ, ಅದು ಹೊರಗೆ ಕಾಣುವುದಕ್ಕಿಂತ ಒಳಗೆ ದೊಡ್ಡದಿರುವ ಸಂಭವವೇ ಹೆಚ್ಚು. ಎರಡನೆಯದಾಗಿ, ರೆಸಿನ್ ಹೊಯ್ದ ಬಾಯಿಯಲ್ಲಿ ಉಳಿದುಕೊಂಡಿರುವ ದಪ್ಪ ತುಂಡನ್ನು, ಅಂದರೆ ನಾನು ಎರಕದ ಬಾಲ ಎಂದು ಕರೆಯುವುದನ್ನು, ಅವಸರದಲ್ಲಿ ಗರಗಸ ಹಾಕಿ ಕತ್ತರಿಸಬಾರದು. ಆ ಬಾಲವನ್ನು ಮೇಲಕ್ಕೆ ಮಾಡಿ ಭಾಗವನ್ನು ಹಿಡಿದರೆ, ರೆಸಿನ್ ಹೊಯ್ದ ದಿನ ಅದು ಅಚ್ಚಿನಲ್ಲಿ ಹೇಗೆ ನಿಂತಿತ್ತೋ ಹಾಗೆ ನಮ್ಮ ಕೈಯಲ್ಲಿರುತ್ತದೆ. ಗಾಳಿ ಮೇಲೇರುವಂಥದ್ದಾದ್ದರಿಂದ ಆ ಸ್ಥಿತಿಯಲ್ಲಿ ಆಕಾಶಕ್ಕೆ ಮುಖ ಮಾಡಿರುವ ಅಂಚುಗಳಲ್ಲೆಲ್ಲ ಗುಳ್ಳೆ ಸಿಕ್ಕಿಕೊಂಡಿರಬಹುದು, ಕೆಳಗಿನ ತೆಳ್ಳನೆಯ ಮೂಲೆಗಳಿಗೆ ಮಂದವಾದ ರೆಸಿನ್ ಇಳಿಯದೆ ತುದಿ ಖಾಲಿ ಉಳಿದಿರಬಹುದು. ನನ್ನ ಮಾರುತದಲ್ಲಿ ಎರಕದ ಬಾಲವಿದ್ದದ್ದು ರೆಕ್ಕೆಯ ತುದಿಯಲ್ಲಿ. ಅದನ್ನು ಮೇಲಕ್ಕೆ ಮಾಡಿ ಹಿಡಿದು ನೋಡಿದಾಗ, ಹಿಂದಕ್ಕೆ ಬಾಗಿದ ಮುಂಗೋಟಿನ, ಅಂದರೆ ರೆಕ್ಕೆಯ ಮುಂದಿನ ಅಂಚಿನ, ಉದ್ದಕ್ಕೂ ಗುಳ್ಳೆ ಇರಲೇಬೇಕೆಂದು ಮುಟ್ಟುವ ಮೊದಲೇ ಗೊತ್ತಾಯಿತು.

ಈ ವಿದ್ಯೆ ನನಗೆ ಬಂದದ್ದು ಸ್ವತಃ ಕೈ ಸುಟ್ಟುಕೊಂಡ ಮೇಲೆ. ಮೂರು ವರ್ಷದ ಹಿಂದೆ ಒಂದು ಚಕ್ರದ ಪ್ರತಿ ತೆಗೆಯಲೆಂದು ಮಂಗಳೂರಿನ ಅಕ್ಕನ ಮನೆಯಲ್ಲಿ, ಅದೂ ಜುಲೈ ತಿಂಗಳಿನಲ್ಲಿ, ಪಾಲಿಯುರೆಥೇನ್ ರೆಸಿನ್ನಿನ ಎರಡು ದ್ರವಗಳನ್ನು ಬೆರೆಸಿ ಹೊಯ್ದೆ. ಹೊರಗೆ ಧೋ ಎಂದು ಮಳೆ. ಬಟ್ಟಲಿನಲ್ಲಿದ್ದದ್ದು ನೋಡುನೋಡುತ್ತಿದ್ದಂತೆ ಹುದುಗು ಬಂದ ಇಡ್ಲಿ ಹಿಟ್ಟಿನಂತೆ ಉಬ್ಬಿ ಅಂಚು ಮೀರಿ ಬಂತು. “ಇದನ್ನ ನನ್ನ ಪಾತ್ರೆಯಲ್ಲಿ ಮಾಡ್ಲಿಲ್ಲ ತಾನೇ?” ಎಂದು ಅಕ್ಕ ಕೇಳಿದಳು, ಆ ಪ್ರಶ್ನೆಗೆ ನಾನು ಉತ್ತರಿಸಲಿಲ್ಲ. ಈ ರೆಸಿನ್ನಿನ ಒಂದು ದ್ರವದಲ್ಲಿರುವ ಐಸೊಸಯನೇಟ್ ನೀರಿನ ಪಸೆಯೊಂದಿಗೆ ಸೇರಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಗಾಳಿಯಲ್ಲಿನ ತೇವವನ್ನು ಕುಡಿದ ಹಳೆಯ ಡಬ್ಬಿ ಸಾಕು, ಎರಕ ಪೂರ್ತಿ ಸ್ಪಂಜಾಗುತ್ತದೆ. ಒತ್ತಡದ ಪಾತ್ರೆಯಿರುವವರು ಗಟ್ಟಿಯಾಗುವವರೆಗೂ ಅಚ್ಚನ್ನು ಅದರಲ್ಲಿಟ್ಟು ಗುಳ್ಳೆಗಳನ್ನು ಕಣ್ಣಿಗೆ ಕಾಣದಷ್ಟು ಹಿಂಡಿಬಿಡುತ್ತಾರೆ. ಹಳೆಯ ಗೃಹೋದ್ಯೋಗಿಗಳಲ್ಲಿ ಎಷ್ಟೋ ಮಂದಿಗೆ ಆ ಸೌಕರ್ಯ ಇರಲಿಲ್ಲ. ಹಾಗಾಗಿ ‘ಇದು ಮೋಸ, ಕಸದ ಬುಟ್ಟಿಗೆ ಹಾಕಿ, ತ್ರೀಡಿ ಪ್ರಿಂಟ್ ತರಿಸಿ’ ಎನ್ನುವವರ ಮಾತು ನನಗೆ ಒಪ್ಪಿತವಲ್ಲ. ಪ್ರಿಂಟಿನಲ್ಲಿ ಮೆಟ್ಟಿಲು ಮೆಟ್ಟಿಲಾದ ಗೆರೆ, ಆಧಾರದ ಕಡ್ಡಿಗಳ ಗುರುತು ಎಂಬ ಬೇರೆ ಪಾಡುಗಳಿವೆ, ಅವನ್ನೂ ಉಜ್ಜಲೇಬೇಕು.

ಕೆಲಸ ಶುರುವಾಗುವುದು ಅಡುಗೆಮನೆಯ ಸಿಂಕಿನಲ್ಲಿ. ಅಚ್ಚಿನಿಂದ ಸುಲಭವಾಗಿ ಬಿಡಿಸಿಕೊಳ್ಳಲು ಹಚ್ಚಿದ ಜಿಡ್ಡನ್ನು ಉಗುರುಬೆಚ್ಚನೆಯ ನೀರು, ಪಾತ್ರೆ ತೊಳೆಯುವ ಸಾಬೂನು ಮತ್ತು ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ ತೆಗೆಯದಿದ್ದರೆ ಮುಂದೆ ಅಂಟೂ ಹಿಡಿಯುವುದಿಲ್ಲ, ಬಣ್ಣವೂ ನಿಲ್ಲುವುದಿಲ್ಲ.

ರೆಕ್ಕೆಯ ಮುಂಗೋಟಿನ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹೊರಗಿನಿಂದ ಕಾಣುತ್ತಿದ್ದದ್ದು ನಾಲ್ಕು ತೂತು. ದರ್ಜಿಯ ಸೂಜಿಯನ್ನು ಕೈಹಿಡಿಗೆ ಸಿಕ್ಕಿಸಿ ಅಂಚಿನುದ್ದಕ್ಕೂ ಮೆಲ್ಲಗೆ ಒತ್ತುತ್ತಾ ಹೋದೆ. ಗಟ್ಟಿಯಿದ್ದ ಕಡೆ ಸೂಜಿ ಜಾರುತ್ತಿತ್ತು, ಟೊಳ್ಳಿದ್ದ ಕಡೆ ಹಪ್ಪಳ ಮುರಿದಂತೆ ಚಿಟ್ ಎಂದು ಒಳಗೆ ಹೋಗುತ್ತಿತ್ತು. ಆರು ಸೆಂಟಿಮೀಟರಿನ ಅಂಚಿನಲ್ಲಿ ಕೊನೆಗೆ ಹತ್ತೊಂಬತ್ತು ಗುಳ್ಳೆ ಸಿಕ್ಕವು. ಮೇಲಿನ ತೆಳು ಪೊರೆಯನ್ನೆಲ್ಲ ಒಡೆದು, ಸಣ್ಣವನ್ನು 0.8 ಮಿಲಿಮೀಟರ್, ದೊಡ್ಡವನ್ನು ಒಂದು ಮಿಲಿಮೀಟರ್ ಬಿಟ್ಟಿನಿಂದ ಕೈಡ್ರಿಲ್ಲಿನಲ್ಲೇ ಗೋಡೆ ನೆಟ್ಟಗಾಗುವಂತೆ ತೋಡಿದೆ. ಗುಂಡಗಿನ ಗುಳ್ಳೆಯ ಬಾಯಿ ಕಿರಿದು, ಹೊಟ್ಟೆ ಅಗಲ. ಅದರ ಮೇಲೆ ಪುಟ್ಟಿ ಮೆತ್ತಿದರೆ ಒಳಗಿನ ಗಾಳಿ ಹೊರಬರಲು ದಾರಿಯಿಲ್ಲದೆ ಪುಟ್ಟಿ ಬಾಯಿಗೆ ಮುಚ್ಚಳವಾಗಿ ಕೂರುತ್ತದೆ, ಉಜ್ಜಿದಾಗ ಮುಚ್ಚಳ ಹಾರಿಹೋಗುತ್ತದೆ. ನೆಟ್ಟಗಿನ ತೂತಾದರೆ ಅದೇ ದಪ್ಪದ ಪ್ಲಾಸ್ಟಿಕ್ ಕಡ್ಡಿಯನ್ನು ಫೆವಿಕ್ವಿಕ್‌ನಲ್ಲಿ ಅದ್ದಿ ತಳದವರೆಗೂ ತೂರಿಸಬಹುದು. ಒಣಗಿದ ಮೇಲೆ ಕಡ್ಡಿಯನ್ನು ಕತ್ತರಿಸಿ, ಅರದಿಂದ ಸಮ ಮಾಡಿ, 400, 600, ಕೊನೆಗೆ 1000 ನಂಬರಿನ ವಾಟರ್ ಪೇಪರ್‌ನಿಂದ ನೀರು ಹಾಕಿ ಉಜ್ಜಿದರೆ ತೂತಿದ್ದ ಜಾಗವನ್ನು ಉಗುರು ಕೂಡ ಹುಡುಕಲಾರದು. ಹತ್ತೊಂಬತ್ತು ಕಡ್ಡಿಗಳು ಮುಳ್ಳುಹಂದಿಯಂತೆ ನಿಗುರಿಕೊಂಡಿದ್ದ ಆ ರೆಕ್ಕೆಯನ್ನು ಕಂಡು ಮನೆಯವರು ವಿಮಾನ ಹಾಳಾಯಿತೆಂದೇ ತಿಳಿದಿದ್ದರು.

ಕಡ್ಡಿ ಹಿಡಿಸದಷ್ಟು ಸಣ್ಣ ತೂತುಗಳಿಗೆ ಟಾಲ್ಕಂ ಪೌಡರ್ ಬೆರೆಸಿದ ಫೆವಿಕ್ವಿಕ್ ಸಾಕು, ಆದರೆ ಗಡಿಯಾರ ನೋಡಿಕೊಂಡು ಕೆಲಸ ಮಾಡಬೇಕು. ಬರೀ ಅಂಟನ್ನು ತುಂಬಿ ‘ನಾಳೆ ಉಜ್ಜಿದರಾಯಿತು’ ಎಂದು ಮಲಗಿದರೆ ಬೆಳಗಾಗುವಷ್ಟರಲ್ಲಿ ಅದು ಸುತ್ತಲಿನ ರೆಸಿನ್ನಿಗಿಂತ ಗಟ್ಟಿಯಾಗಿರುತ್ತದೆ. ಆಗ ಪೇಪರ್ ಮೆತ್ತಗಿನ ರೆಸಿನ್ನನ್ನು ತಿನ್ನುತ್ತದೆಯೇ ಹೊರತು ಅಂಟನ್ನಲ್ಲ, ತೂತಿದ್ದ ಕಡೆ ಗುಡ್ಡವೇಳುತ್ತದೆ. ಪೌಡರ್ ಬೆರೆಸಿದರೆ ಆ ಗಟ್ಟಿತನ ತಗ್ಗುತ್ತದೆ, ಅರ್ಧ ಗಂಟೆಯೊಳಗೆ ಉಜ್ಜಿಬಿಟ್ಟರೆ ಇನ್ನೂ ಒಳ್ಳೆಯದು. ಟ್ಯೂಬಿನ ಮಾಡೆಲ್ ಪುಟ್ಟಿ ಪ್ಲಾಸ್ಟಿಕ್‌ನ ಮೇಲ್ಮೈಯನ್ನು ಸ್ವಲ್ಪ ಕರಗಿಸಿ ಹಿಡಿದುಕೊಳ್ಳುವಂಥದ್ದು. ರೆಸಿನ್ ಅದಕ್ಕೆ ಕರಗುವುದಿಲ್ಲ, ಆದ್ದರಿಂದ ಅಲ್ಲಿ ಅದು ಸುಮ್ಮನೆ ಕೂತಿರುತ್ತದೆ, ಒಣಗಿದಂತೆ ಕುಗ್ಗುತ್ತದೆ. ದೊಡ್ಡ ಸಂದುಗಳಿಗೆ ನನ್ನ ಆಯ್ಕೆ ನಮ್ಮ ಎಂ-ಸೀಲ್. ಅದನ್ನು ಕಲಸಿ ಒತ್ತಿ, ಗಟ್ಟಿಯಾಗುವ ಮೊದಲೇ ಒದ್ದೆ ಬೆರಳಿನಿಂದ ಸವರಿಬಿಟ್ಟರೆ ಮರುದಿನದ ಅರ್ಧ ಉಜ್ಜುವಿಕೆ ಉಳಿಯುತ್ತದೆ. ಕೊಳಾಯಿ ಸೋರಿಕೆಗೆ ತಂದದ್ದನ್ನು ವಿಮಾನಕ್ಕೆ ಹಚ್ಚುವುದೇ ಎಂದು ನಗುವವರು ನಗಲಿ.

ಬಾಗಿದ ಭಾಗದ ಕಥೆ ಬೇರೆ. ಅದಕ್ಕೆ ಬಿಸಿನೀರು ಬೇಕು, ಕುದಿಯುವ ನೀರಲ್ಲ. ಕೈ ಇಟ್ಟರೆ ತಕ್ಷಣ ಎಳೆದುಕೊಳ್ಳುವಂತಿರುವ ಬಿಸಿ ಸಾಕು. ಒಂದು ನಿಮಿಷ ಅದ್ದಿಟ್ಟು, ಮೆತ್ತಗಾದ ರೆಕ್ಕೆಯನ್ನು ಗಾಜಿನ ಮೇಲೆ ಒತ್ತಿ ಹಿಡಿದು, ಹಾಗೆಯೇ ತಣ್ಣೀರಿಗೆ ಇಳಿಸಿದರೆ ನೆಟ್ಟಗಾಗುತ್ತದೆ. ಆದರೆ ರೆಸಿನ್ನಿಗೆ ತನ್ನ ಹಳೆಯ ಡೊಂಕಿನ ನೆನಪು ಪೂರ್ತಿ ಹೋಗುವುದಿಲ್ಲ. ಏಪ್ರಿಲ್‌ನ ಬಿಸಿಲಿನಲ್ಲಿ ಕಿಟಕಿಯ ಪಕ್ಕದ ಕಪಾಟಿನಲ್ಲಿಟ್ಟಿದ್ದ ಒಂದು ಮಾದರಿಯ ರೆಕ್ಕೆ ಮತ್ತೆ ಜೋತುಬಿದ್ದದ್ದನ್ನು ನೋಡಿದ ಮೇಲೆ ನಾನು ಉದ್ದನೆಯ ಭಾಗಗಳೊಳಗೆಲ್ಲ ಹಿತ್ತಾಳೆಯ ಕಡ್ಡಿ ತೂರಿಸುತ್ತೇನೆ. ಲ್ಯಾಂಡಿಂಗ್ ಗೇರಿನ ಕಾಲುಗಳು ರೆಸಿನ್ನಿನವಾದರೆ ಬಳಸುವುದೇ ಇಲ್ಲ. ಮಾರುತದ ಹಿಂಭಾಗದಲ್ಲಿ ಎರಡು ಆರ್ಫಿಯಸ್ ಎಂಜಿನ್‌ಗಳು ಅಕ್ಕಪಕ್ಕ ಕೂತಿರುವುದರಿಂದ ಅಲ್ಲಿ ರೆಸಿನ್ ದಪ್ಪ, ವಿಮಾನದ ಹಿಂಬದಿ ಭಾರ. ಮಾದರಿ ಹಿಂದಕ್ಕೆ ಕೂರದಿರಲೆಂದು ಮೂತಿಗೆ ಮೀನು ಹಿಡಿಯುವವರ ಸೀಸದ ಗುಂಡುಗಳನ್ನು ತುಂಬಿದೆ. ಅಷ್ಟೂ ತೂಕವನ್ನು ಬೆಂಕಿಕಡ್ಡಿಗಿಂತ ತೆಳುವಾದ ರೆಸಿನ್ ಕಾಲು ಎಷ್ಟು ಬೇಸಿಗೆ ಹೊತ್ತೀತು?

ಅಚ್ಚಿನ ಎರಡು ಹೋಳುಗಳು ಜಾರಿ ಸೇರಿದ್ದರಿಂದ ಮಧ್ಯದಲ್ಲಿ ಮೆಟ್ಟಿಲಾದ ಇಂಧನ ಟ್ಯಾಂಕುಗಳ ಮೇಲೆ ಸಮಯ ಹಾಳು ಮಾಡಲಿಲ್ಲ. ಒಂದು ಬದಿ ಕೆರೆದು, ಇನ್ನೊಂದು ಬದಿ ತುಂಬುತ್ತಾ ಹೋದರೆ ಗುಂಡಗಿನ ಟ್ಯಾಂಕು ಮೊಟ್ಟೆಯಾಕಾರಕ್ಕೆ ಬರುತ್ತದೆ. ಅವನ್ನು ಬದಿಗಿಟ್ಟು ಪ್ಲಾಸ್ಟಿಕ್ ಕಿಟ್ ಒಂದರಲ್ಲಿ ಉಳಿದಿದ್ದ ಜೋಡಿಯನ್ನು ತಿದ್ದಿ ಬಳಸಿದೆ.

ಗಾಳಿ ಒಳಹೋಗುವ ಬದಿಯ ದ್ವಾರಗಳಲ್ಲಿರುವ ಅರ್ಧ ಶಂಕುಗಳು ಮಾತ್ರ ನನ್ನನ್ನು ಮನೆಯಿಂದ ಎಬ್ಬಿಸಿದವು. ಎಡಗಡೆಯದರ ತುದಿಗೆ ರೆಸಿನ್ ಇಳಿದೇ ಇರಲಿಲ್ಲ, ಬಲಗಡೆಯದು ಸವೆದ ಅಚ್ಚಿನಿಂದ ರಬ್ಬರ್ ಕಿತ್ತುಬಂದ ಜಾಗದಲ್ಲಿ ಗಂಟಾಗಿತ್ತು. ಯಾವುದು ಸರಿ ಎಂದು ಕೇಳಲು ಎರಡರಲ್ಲಿ ಒಂದೂ ಯೋಗ್ಯವಾಗಿರಲಿಲ್ಲ. ಹಳೆಯ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ಸಂಗ್ರಹಾಲಯದಲ್ಲಿ ನಿಜವಾದ ಮಾರುತ ನಿಂತಿದೆ. ಒಂದು ಭಾನುವಾರ ಹೋಗಿ ಶಂಕುವನ್ನು ಎದುರಿನಿಂದ, ಬದಿಯಿಂದ, ಬಗ್ಗಿ ಕೆಳಗಿನಿಂದ ನೋಡಿ ಚಿತ್ರ ತೆಗೆದುಕೊಂಡು ಬಂದೆ. ಆಮೇಲೆ ಪ್ಲಾಸ್ಟಿಕ್ ಕೋಲೊಂದನ್ನು ಡ್ರಿಲ್ಲಿಗೆ ಸಿಕ್ಕಿಸಿ ತಿರುಗಿಸುತ್ತಾ ಅರ ಹಿಡಿದು ಶಂಕು ಮಾಡಿ, ಉದ್ದಕ್ಕೆ ಸೀಳಿದೆ. ಒಂದೇ ಕೋಲಿನ ಎರಡು ಹೋಳಾದ್ದರಿಂದ ಎಡಬಲ ಎರಡೂ ಒಂದೇ ಥರ ಬಂದವು. ಅದೇ ದಿನ ಅಲ್ಲಿ ಇನ್ನೊಂದನ್ನೂ ಗಮನಿಸಿದ್ದೆ. ಮಾರುತದ ಒಡಲು ರೆಕ್ಕೆ ಸೇರುವ ಕಡೆ ಸೊಂಟದಂತೆ ಸಣ್ಣಗಾಗುತ್ತದೆ, ಅದು ವೇಗಕ್ಕಾಗಿ ಬೇಕೆಂದೇ ಮಾಡಿದ ಆಕಾರ. ಕಿಟ್‌ನಲ್ಲಿ ಆ ಭಾಗ ತಗ್ಗಾಗಿರುವುದನ್ನು ಎರಕದ ಕುಗ್ಗುವಿಕೆ ಎಂದುಕೊಂಡು ನಾನು ಎಂ-ಸೀಲ್ ತುಂಬಲು ಹೊರಟಿದ್ದೆ!

ನಿಜವಾಗಿಯೂ ಕುಗ್ಗಿದ್ದು ಎಡ ರೆಕ್ಕೆ. ಮಾರುತದ ರೆಕ್ಕೆಯಗಲ ಒಂಬತ್ತು ಮೀಟರ್, 1/72ರಲ್ಲಿ ಅದು 125 ಮಿಲಿಮೀಟರ್ ಆಗಬೇಕು. ನನ್ನದು 124, ಕೊರತೆಯೆಲ್ಲ ಎಡಗಡೆಯೇ. ನಿಜ ವಿಮಾನದ ಲೆಕ್ಕದಲ್ಲಿ ಏಳು ಸೆಂಟಿಮೀಟರ್. ಅದನ್ನು ಹಾಗೆಯೇ ಬಿಟ್ಟಿದ್ದೇನೆ. ಪಟ್ಟಿ ಹಿಡಿಯದೆ ಯಾರಿಗೂ ತಿಳಿಯದ ತಪ್ಪನ್ನು ತಿದ್ದಲು ಹೋಗಿ, ಚೆನ್ನಾಗಿ ಬಂದಿರುವ ತುದಿಯನ್ನೂ ಅದರ ಮೇಲಿನ ಪ್ಯಾನೆಲ್ ಗೆರೆಗಳನ್ನೂ ಕಳೆದುಕೊಳ್ಳುವುದು ಜಾಣತನವೆಂದು ನನಗೆ ಅನಿಸುವುದಿಲ್ಲ. ಗಾಳಿಗುಳ್ಳೆಯ ವಿಷಯದಲ್ಲಿ ಇಷ್ಟು ಹಟ ಹಿಡಿಯುವ ನಾನು ಇಲ್ಲಿ ಇಷ್ಟು ಉದಾರಿಯಾಗುವುದು ಕೆಲವು ಗೆಳೆಯರಿಗೆ ಹಿಡಿಸಿಲ್ಲ. ಗುಳ್ಳೆ ಕಣ್ಣಿಗೆ ಚುಚ್ಚುತ್ತದೆ, ಒಂದು ಮಿಲಿಮೀಟರ್ ಚುಚ್ಚುವುದಿಲ್ಲ, ಅಷ್ಟೇ.

ಒಂದು ಮಾತನ್ನು ಹೊಸಬರಿಗೆ ಒತ್ತಿ ಹೇಳಬೇಕು. ರೆಸಿನ್ನಿನ ಧೂಳು ಹಿಟ್ಟಿಗಿಂತ ನುಣುಪು, ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಒಣದಾಗಿ ಉಜ್ಜಬೇಡಿ, ನೀರು ಹಾಕಿಯೇ ಉಜ್ಜಿ, ಗರಗಸ ಮತ್ತು ಡ್ರಿಲ್ ಹಿಡಿದಾಗ ಮಾಸ್ಕ್ ಹಾಕಿಕೊಳ್ಳಿ, ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸಿ, ಪೊರಕೆ ಮುಟ್ಟಬೇಡಿ.

ಮೊನ್ನೆ ಶನಿವಾರ ಬೂದು ಪ್ರೈಮರ್ ಹೊಡೆದೆ. 1971ರ ಯುದ್ಧಕಾಲದ ಹಸಿರು-ಕಂದು ಬಣ್ಣ ಬಳಿಯುವುದಾಗಿದ್ದರೆ ಅಲ್ಲಿಗೆ ನೆಮ್ಮದಿಯಿಂದ ಇರಬಹುದಿತ್ತು, ಆ ಮಚ್ಚೆಗಳ ನಡುವೆ ಸಣ್ಣಪುಟ್ಟದ್ದು ಅಡಗಿಹೋಗುತ್ತದೆ. ನಾನೋ ಯಾವ ಘಳಿಗೆಯಲ್ಲೋ ಬೆಳ್ಳಿ ಬಣ್ಣ ಎಂದು ತೀರ್ಮಾನಿಸಿಬಿಟ್ಟಿದ್ದೇನೆ, ಬೆಳ್ಳಿಯ ಮುಂದೆ ಯಾವ ತೂತೂ ಅಡಗುವುದಿಲ್ಲ. ಮುಂಗೋಟಿನ ಹತ್ತೊಂಬತ್ತೂ ಗಟ್ಟಿಯಾಗಿ ಕೂತಿವೆ. ಆದರೆ ಕಾಕ್‌ಪಿಟ್‌ನ ಬಲಗಡೆ, ಫಿರಂಗಿಯ ಬಾಯಿಯ ಸ್ವಲ್ಪ ಹಿಂದೆ, ಹಿಂದಿನ ವಾರದವರೆಗೂ ಇಲ್ಲದಿದ್ದ ಎರಡು ಚುಕ್ಕೆಗಳು ಪ್ರೈಮರ್ ಒಣಗಿದ ಮೇಲೆ ಕಾಣಿಸಿಕೊಂಡಿವೆ. ಸೂಜಿಯಿಂದ ಒಂದನ್ನು ಒತ್ತಿ ನೋಡಿದೆ. ಚಿಟ್ ಎಂದಿತು.