ಕಾಯುವವರ ಹೊತ್ತಿಗೂ ಲೆಕ್ಕವಿರಲಿ

ಕಳೆದ ತಿಂಗಳು ಆಸ್ಪತ್ರೆಯಲ್ಲಿ ಅಮ್ಮನ ತಪಾಸಣೆಗೆ ಬೆಳಿಗ್ಗೆ 9 ಗಂಟೆಯ ಸಮಯ ಕೊಟ್ಟಿದ್ದರು. ಹೋಗಿ ಕುಳಿತ ಮೇಲೆ ನೋಡಿದರೆ ಪಕ್ಕದವರ ಚೀಟಿಯಲ್ಲೂ, ಅವರಾಚೆ ಕುಳಿತವರ ಚೀಟಿಯಲ್ಲೂ ಅದೇ 9 ಗಂಟೆ. ಖಾಲಿ ಹೊಟ್ಟೆಯಲ್ಲಿ ಬಂದಿದ್ದ ಅಮ್ಮ ಹಳೆಯ ವರದಿಗಳ ಫೈಲನ್ನು ಎದೆಗವಚಿಕೊಂಡು, ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುತ್ತಿದ್ದರು. ಅವರ ಹೆಸರು ಕರೆಯುವಾಗ 12 ಗಂಟೆ ಸಮೀಪಿಸಿತ್ತು. ಒಳಗಿದ್ದ ವೈದ್ಯರು ಪುರುಸೊತ್ತಿಲ್ಲದೆ ದುಡಿಯುತ್ತಿದ್ದರು, ಆದ್ದರಿಂದ ನನ್ನ ದೂರು ಅವರ ಮೇಲಲ್ಲ. ವೈದ್ಯರ ಒಂದು ನಿಮಿಷವೂ ಖಾಲಿ ಹೋಗಬಾರದೆಂದು ಎಣಿಸುವಾಗ ಹೊರಗೆ ಕುಳಿತವರ ಗಂಟೆಗಳನ್ನು ಲೆಕ್ಕಕ್ಕೇ ಹಿಡಿಯದ ವೇಳಾಪಟ್ಟಿಯ ಮೇಲೆ.

ಇದಕ್ಕೆ ಉತ್ತರ ಹುಡುಕಿದವರು ಇಲ್ಲದಿಲ್ಲ. 1952ರಲ್ಲೇ ಬ್ರಿಟನ್ನಿನ ಸಂಶೋಧಕರಾದ ನಾರ್ಮನ್ ಬೈಲಿ ಮತ್ತು ವೆಲ್ಷ್ ಅವರು, ಆರಂಭಕ್ಕೆ ಇಬ್ಬರನ್ನು ಕರೆಸಿ, ಆಮೇಲೆ ಒಂದು ತಪಾಸಣೆಗೆ ಸರಾಸರಿ ಎಷ್ಟು ಹೊತ್ತು ಬೇಕೋ ಅಷ್ಟು ಅಂತರದಲ್ಲಿ ಒಬ್ಬೊಬ್ಬರನ್ನೇ ಕರೆಸುವ ಕ್ರಮವನ್ನು ಸೂಚಿಸಿದ್ದರು. ಮೊದಲನೆಯವರು ತಡವಾದರೂ ಎರಡನೆಯವರು ಇರುತ್ತಾರೆ, ವೈದ್ಯರ ಕೆಲಸ ನಿಲ್ಲುವುದಿಲ್ಲ. ಅದಕ್ಕಾಗಿ ಇಪ್ಪತ್ತು ಜನರನ್ನು ಒಟ್ಟಿಗೆ ಕೂರಿಸಬೇಕಾಗಿಯೂ ಇಲ್ಲ.

ವೇಳಾಪಟ್ಟಿಯನ್ನು ಪೂರ್ತಿ ತುಂಬಿಸುವುದೇ ದಕ್ಷತೆ ಎಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಜನ ಬರುವ ಹೊತ್ತಿಗೂ ತಪಾಸಣೆಯ ಅವಧಿಗೂ ನಿಶ್ಚಯವಿಲ್ಲದ ಸರದಿಯ ಸರಳ ಗಣಿತದಲ್ಲಿ, ವೈದ್ಯರ ಸಮಯ ಶೇ 80ರಷ್ಟು ತುಂಬಿದ್ದರೆ ಒಬ್ಬ ರೋಗಿ ಸರಾಸರಿ ನಾಲ್ಕು ತಪಾಸಣೆಗಳಷ್ಟು ಹೊತ್ತು ಕಾಯುತ್ತಾರೆ. ಶೇ 90 ತುಂಬಿದರೆ ಒಂಬತ್ತರಷ್ಟು, ಶೇ 95 ತುಂಬಿದರೆ ಹತ್ತೊಂಬತ್ತರಷ್ಟು. ಸಮಯ ನಿಗದಿಪಡಿಸಿದಾಗ ಕಾಯುವಿಕೆ ಇಷ್ಟಿರುವುದಿಲ್ಲ ನಿಜ, ಆದರೆ ಏರುವ ರೀತಿ ಇದೇ. ಕೊನೆಯ ಕೆಲವು ನಿಮಿಷಗಳನ್ನು ಉಳಿಸಹೋಗಿ ಎಲ್ಲರ ಗಂಟೆಗಳನ್ನು ಕಳೆಯುತ್ತೇವೆ. ನಡುನಡುವೆ ಬಿಟ್ಟ ಹತ್ತು ನಿಮಿಷದ ಬಿಡುವು ವ್ಯರ್ಥವಲ್ಲ. ಒಬ್ಬರ ಕಷ್ಟ ಕೇಳುತ್ತ ಹೊತ್ತು ಹೆಚ್ಚು ಹಿಡಿದರೆ ಅದನ್ನು ಹೀರಿಕೊಳ್ಳುವ ಜಾಗ ಅದು.

ಅಪಾಯಿಂಟ್‌ಮೆಂಟ್ ಪಡೆದೂ ಬಾರದಿರುವವರಿದ್ದಾರೆ, ಆದ್ದರಿಂದ ಹೆಚ್ಚು ಜನರಿಗೆ ಸಮಯ ಕೊಡಲೇಬೇಕು ಎನ್ನುವವರ ಮಾತಿನಲ್ಲಿ ಹುರುಳಿದೆ. ಆದರೆ ಎಷ್ಟು ಜನ ತಪ್ಪಿಸುತ್ತಾರೆಂದು ಪ್ರತಿ ವಿಭಾಗವೂ ತನ್ನದೇ ದಾಖಲೆ ನೋಡಿ ಅಷ್ಟೇ ಹೆಚ್ಚಿಸಲಿ, ಹಿಂದಿನ ದಿನ ಒಂದು ಸಂದೇಶ ಕಳುಹಿಸಲಿ. ಮರುಭೇಟಿಯವರಂತೆ ಬೇಗ ಮುಗಿಯುವುದು ಖಚಿತವಿರುವವರನ್ನು ಮೊದಲು, ಅವಧಿ ಹೇಳಲಾಗದವರನ್ನು ಆಮೇಲೆ ಕರೆದರೆ ಒಬ್ಬರ ವಿಳಂಬ ಎಲ್ಲರ ಮೇಲೂ ಬೀಳುವುದಿಲ್ಲ. ಇದ್ಯಾವುದೂ ಆಗದ ದಿನ, ಎರಡು ಗಂಟೆ ತಡವಾಗಬಹುದೆಂದು ಕೌಂಟರಿನಿಂದ ಯಾರಾದರೂ ಬಂದು ಹೇಳಿದ್ದರೂ ಸಾಕಿತ್ತು, ನಾನು ಅಮ್ಮನನ್ನು ಹೊರಗೆ ಕರೆದೊಯ್ದು ಏನಾದರೂ ತಿನ್ನಿಸಿಕೊಂಡು ಬರುತ್ತಿದ್ದೆ.