ನೋಟಕ್ಕೆ ಅಡ್ಡ

ಆಫೀಸಿನ ಕಂಪ್ಯೂಟರ್ ಪರದೆಗೆ ನಾನೊಂದು ಸಂತೆ ಹಾಕಿಕೊಂಡಿದ್ದೇನೆ. ಮೊದಲು ಜಲಪಾತ, ಸೂರ್ಯಾಸ್ತ ಎಲ್ಲ ಹಾಕಿ ನೋಡಿದ್ದೆ. ಅವನ್ನು ನೋಡಿದರೆ ರಜೆ ಹಾಕೋಣ ಅನಿಸುತ್ತಿತ್ತು. ಇದರಲ್ಲಿ ಹಾಗಲ್ಲ, ಚಿತ್ರದೊಳಗಿನ ಮುಕ್ಕಾಲು ಜನ ದುಡಿಯುತ್ತಿದ್ದಾರೆ.

ಇದು ಆಮ್‌ಸ್ಟರ್‌ಡ್ಯಾಮಿನ ಡ್ಯಾಮ್ ಚೌಕ, 1656ರಲ್ಲಿ ಬರೆದದ್ದು. ಬರೆದವನು ಯೊಹಾನೆಸ್ ಲಿಂಗೆಲ್‌ಬಾಕ್. ಹುಟ್ಟಿದ್ದು ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ. ರೋಮ್‌ನಲ್ಲಿದ್ದು, ಅಲ್ಲಿನ ಬೀದಿಯ ಜನರನ್ನು ಬರೆದು ಬರೆದು ಕೈ ಪಳಗಿಸಿಕೊಂಡು ಬಂದವನು. ಮುಂದೆ ಬೇರೆ ಕಲಾವಿದರೂ ತಮ್ಮ ಚಿತ್ರಗಳಲ್ಲಿ ಜನರನ್ನು ಇವನ ಕೈಯಲ್ಲಿ ಬರೆಸಿಕೊಂಡರು. ಮರ, ಗುಡ್ಡ ಅವರದು, ಓಡಾಡುವವರು ಮಾತ್ರ ಇವನವರು. ಚಪ್ಪರ ನಾವೇ ಹಾಕಿ ಅಡುಗೆಗೆ ಭಟ್ಟರನ್ನು ಕರೆಸುತ್ತೇವಲ್ಲ, ಹಾಗೆ.

ಎಡಗಡೆ ನಗರಸಭೆಯ ಹೊಸ ಕಟ್ಟಡ ಏಳುತ್ತಿದೆ, ಸುತ್ತ ಸಾರುವೆ. ನನಗೆ ತುಂಬಾ ಹಿಡಿಸಿದ್ದು ಈ ಸಾರುವೆಯೇ. ಯಾಕೆಂದರೆ ಕಟ್ಟಡದ ಉದ್ಘಾಟನೆ ಹಿಂದಿನ ವರ್ಷವೇ, 1655ರ ಜುಲೈನಲ್ಲಿ, ಅದ್ದೂರಿಯಾಗಿ ಮುಗಿದಿತ್ತು! ಮೊದಲು ಟೇಪು ಕತ್ತರಿಸುವುದು, ಆಮೇಲೆ ಗಾರೆ ಕೆಲಸ. ಇದು ನಮ್ಮ ಕಡೆಯ ಪದ್ಧತಿ ಅಂದುಕೊಂಡಿದ್ದೆ. ಅವರಿಗೂ ಕಾರಣವಿತ್ತು ಬಿಡಿ. 1652ರಲ್ಲಿ ಹಳೆಯ ಕಟ್ಟಡ ಬೆಂಕಿಗೆ ಆಹುತಿಯಾಗಿತ್ತು. ನೆಲವೂ ಕೆಸರು. 13,659 ಮರದ ಕಂಬ ಬಡಿದು ಅದರ ಮೇಲೆ ಕಲ್ಲು ಏರಿಸಬೇಕಾಯಿತು. ಈ ಸಂಖ್ಯೆ ನೆನಪಿಡಲು ಅಲ್ಲಿನ ಮಕ್ಕಳಿಗೆ ಒಂದು ಉಪಾಯ ಇದೆ. ವರ್ಷದ ದಿನ 365, ಮುಂದೆ ಒಂದು 1, ಹಿಂದೆ ಒಂದು 9. ಒಮ್ಮೆ ಕೇಳಿದ ಮೇಲೆ ನಾನೂ ಮರೆತಿಲ್ಲ. ಸ್ವಂತ ಗಾಡಿಯ ನಂಬರ್ ಮಾತ್ರ ಇವತ್ತಿಗೂ ನೆನಪಿಲ್ಲ.

ಹಿಂದೆ ಕಾಣುವುದು ಹೊಸ ಚರ್ಚ್. ಹೆಸರಿಗಷ್ಟೇ ಹೊಸದು, ಆಗಲೇ ಅದಕ್ಕೆ ಇನ್ನೂರು ದಾಟಿತ್ತು. ಬಲಕ್ಕೆ ಹಡಗಿನ ಕಂಬಗಳು ನಿಂತಿವೆ, ನೀರು ಚೌಕದವರೆಗೂ ಬರುತ್ತಿದ್ದ ಕಾಲ ಅದು. ಮುಂದೆಲ್ಲ ಜನವೋ ಜನ. ಮಾರುವ ಹೆಂಗಸರು, ಹೊರೆ ಹೊತ್ತವರು, ಸುಮ್ನೆ ನಿಂತು ಮಾತಿಗಿಳಿದ ಕರಿ ಟೋಪಿಯ ಸಾಹುಕಾರರು. ಅವರ ನಡುವೆ ಪೇಟ ಸುತ್ತಿದ ವರ್ತಕರೂ ಇದ್ದಾರೆ. ನಮ್ಮವರಿರಬಹುದಾ ಅಂತ ಆಸೆಯಿಂದ ದೊಡ್ಡದು ಮಾಡಿ ನೋಡಿದೆ. ಉದ್ದನೆಯ ನಿಲುವಂಗಿ ನೋಡಿದರೆ ತುರ್ಕಿ ಕಡೆಯವರ ಹಾಗಿದ್ದಾರೆ. ಸ್ವಲ್ಪ ಬೇಜಾರಾಯಿತು.

ಈ ಗದ್ದಲದ ನಡುವೆ ಕೂತಿರುವುದು ತೂಕದ ಮನೆ. 1565ರಲ್ಲಿ ಕಟ್ಟಿದ್ದು. ನಮ್ಮ ಎಪಿಎಂಸಿ ಯಾರ್ಡಿನ ಕಾಟಾ ಇದ್ದ ಹಾಗೆ. ಹಡಗಿನಿಂದ ಇಳಿದ ಸರಕು ಇಲ್ಲಿ ತಕ್ಕಡಿ ಹತ್ತಬೇಕು, ಸುಂಕ ಕಟ್ಟಬೇಕು. ಊರೊಳಗೆ ಸರಕನ್ನು ಹೆಚ್ಚಾಗಿ ಚಕ್ರವಿಲ್ಲದ ಜಾರುಗಾಡಿಯಲ್ಲಿ ಕುದುರೆ ಕಟ್ಟಿ ಎಳೆಸುತ್ತಿದ್ದರು. ಸಲೀಸಾಗಿ ಜಾರಲಿ ಅಂತ ಗಾಡಿಯವನು ಎಣ್ಣೆ ಬಟ್ಟೆಯನ್ನು ಅದರ ಅಡಿಗೆ ಎಸೆಯುತ್ತಿದ್ದನಂತೆ. ದಿನವಿಡೀ ಹಮಾಲರ ಕೂಗು, ಕುದುರೆಯ ಲದ್ದಿ, ಚೌಕಾಸಿ ಎಲ್ಲ ಇದ್ದೇ ಇರುತ್ತಿತ್ತು, ಅಲ್ವಾ?

ಆಮೇಲೆ ನೆಪೋಲಿಯನ್ನನ ತಮ್ಮ ಲೂಯಿ ಅಲ್ಲಿಗೆ ರಾಜನಾಗಿ ಬಂದ. 1808ರಲ್ಲಿ ನಗರಸಭೆಯನ್ನೇ ಅರಮನೆ ಮಾಡಿಕೊಂಡ. ಹೊರಗೆ ನೋಡಿದರೆ ಎದುರಿಗೇ ತೂಕದ ಮನೆ. ನೋಟಕ್ಕೆ ಅಡ್ಡ ಅಂತ ಅದನ್ನು ಕೆಡವಿಸಿಬಿಟ್ಟ! ಇನ್ನೂರ ನಲವತ್ತು ವರ್ಷ ಊರಿನ ಸರಕು ತೂಗಿದ ಕಟ್ಟಡ. ಅಷ್ಟು ಮಾಡಿ ಅವನಿಗೆ ಆ ನೋಟ ದಕ್ಕಿದ್ದು ಎರಡೇ ವರ್ಷ. 1810ರಲ್ಲಿ ಅವನು ಸಿಂಹಾಸನ ಬಿಟ್ಟು ಹೊರಟ.

ಓದಿ ಸಿಟ್ಟು ಬಂತು. ಆಮೇಲೆ ನನ್ನ ಪರದೆ ನೋಡಿಕೊಂಡೆ. ಎಡಗಡೆ ಸಾಲಾಗಿ ಫೈಲುಗಳ ಐಕಾನ್. ನಗರಸಭೆಯ ಮೇಲೆ ಜಿಎಸ್‌ಟಿ ಫೋಲ್ಡರ್ ಕೂತಿದೆ, ಸಾರುವೆಯ ಮೇಲೆ ಕಸದ ಬುಟ್ಟಿ. ಎಲ್ಲ ಎಳೆದು ಒಂದೇ ಫೋಲ್ಡರಿಗೆ ತುಂಬಿದೆ. ಕೆಳಗಿನ ಪಟ್ಟಿ ಜನರ ಕಾಲನ್ನೇ ಕತ್ತರಿಸಿತ್ತು. ಅದನ್ನೂ ಮರೆ ಮಾಡಿದೆ. ಈಗ ಎಲ್ಲರೂ ನೆಲದ ಮೇಲೆ ನಿಂತಿದ್ದಾರೆ. ಮಧ್ಯಾಹ್ನದಿಂದ ಜಿಎಸ್‌ಟಿ ಫೋಲ್ಡರ್ ಮಾತ್ರ ಎಲ್ಲಿಟ್ಟೆ ಅಂತ ಹುಡುಕುತ್ತಿದ್ದೇನೆ.